ಇಬ್ಬನಿ ಬೀಳದ ತಿಂಗಳ ಸೊಗಡು

ಲಕ್ಕಣ್ಣನವರ ಕೊನೆಯ ಭಾನುವಾರ ಹೆಂಡತಿಯ ಬೈಗುಳದಿಂದ ಶುರುವಾಯಿತು. ಎಣ್ಣೆ ಹಚ್ಚಿ, ಸೀಗೆಪುಡಿ ಹಾಕಿ ಉಜ್ಜಿ, ತಲೆಗೆ ನೀರು ಹಾಕಿ ಇನ್ನೂ ಹಂಡೆ ಒಲೆಯ ಕೆಂಡ ಆರಿರಲಿಲ್ಲ. ಅಷ್ಟರಲ್ಲಿ ಮನುಷ್ಯ ಅಂಗಳದಲ್ಲಿ ಸೈಕಲ್ ಮಗುಚಿ ಹಾಕಿಕೊಂಡು ಚೈನು ಬಿಚ್ಚುತ್ತ ಕೂತಿದ್ದರು. ಮೊಣಕೈವರೆಗೂ ಗ್ರೀಸು.

"ಎಂ.ಎಸ್ಸಿ. ಓದಿದೋರಿಗೆ ಸ್ನಾನ ಮುಂಚೆಯೋ ಸೈಕಲ್ ಮುಂಚೆಯೋ ಅಂತ ಗೊತ್ತಾಗಲ್ವಾ?" ಅಂದಳು ಮುನಿವೆಂಕಟಮ್ಮ.

"ಎಂ.ಎಸ್ಸಿ.ಲಿ ಸೈಕಲ್ ಪಾಠ ಇರ್ಲಿಲ್ಲ ಕಣೆ," ಅಂದರು ಅವರು.

ಮಧ್ಯಾಹ್ನ ಉಂಡರು. ಮಗಳನ್ನು ಸೈಕಲ್ ಬಾರಿನ ಮೇಲೆ ಕೂರಿಸಿಕೊಂಡು ಜಕ್ಕೂರಿಗೆ ಹೋದರು. ಊರಲ್ಲಿದ್ದ ತಮ್ಮ ಅಪ್ಪನನ್ನು ಮಾತನಾಡಿಸಿ, ವಿಮಾನಶಾಲೆಯ ಬಯಲಲ್ಲಿ ಪುಟ್ಟ ವಿಮಾನ ಏರುವುದನ್ನು ಮಗಳಿಗೆ ತೋರಿಸಿ, ದೀಪ ಹಚ್ಚುವ ಹೊತ್ತಿಗೆ ಹೆಬ್ಬಾಳಕ್ಕೆ ವಾಪಸು ಬಂದರು. ವಿಮಾನದೊಳಗೆ ಕೂತವನು ಟೋಪಿ ಹಾಕಿದ್ದನೋ ಇಲ್ಲವೋ ಅಂತ ಲಕ್ಕಣ್ಣನವರಿಗೂ ಮಗಳಿಗೂ ವಾದ ನಡೆಯಿತು. ಅಷ್ಟೇ. ನೆನಪಿಡಬೇಕಾದ ದಿನ ಅಂತ ಯಾರಿಗೂ ಅನಿಸಲಿಲ್ಲ.

ಸೋಮವಾರ ಬೆಳಿಗ್ಗೆ ಕೃಷಿ ಕಾಲೇಜಿನ ತಾಕಿನಲ್ಲಿ ಗಿಡ ನೋಡುತ್ತಿದ್ದವರು ಬದುವಿನ ಮೇಲೆ ಕೂತರು. ಕೂತವರು ಏಳಲಿಲ್ಲ. ಎದೆ ನಿಂತುಹೋಗಿತ್ತು. ವಯಸ್ಸು ನಲವತ್ತೂ ತುಂಬಿರಲಿಲ್ಲ. ಅರವತ್ತೊಂಬತ್ತನೆಯ ಇಸವಿಯ ಜನವರಿ, ಸಂಕ್ರಾಂತಿ ಕಳೆದಿತ್ತು.

ನೋಡಲು ಬಂದವರೆಲ್ಲ ಒಳ್ಳೆಯ ಮನುಷ್ಯ ಅಂದರು. ಒಳ್ಳೆಯ ಮನುಷ್ಯರು ಊರ ತುಂಬ ಇದ್ದಾರೆ. ಲಕ್ಕಣ್ಣನವರು ಮಾಡಿದ ಕೆಲಸ ಬೇರೆಯದು. ಅದನ್ನು ಹೆಣದ ಮುಂದೆ ಯಾರೂ ಹೇಳಲಿಲ್ಲ. ಹೇಳಬೇಕಾದ್ದೇ ಅದು.

ಲಕ್ಕಣ್ಣನವರು ಜಕ್ಕೂರಿನ ಮುನಿಶಾಮಪ್ಪನ ಮಗ. ರಾಗಿ ಹೊಲ, ಎರಡು ಎತ್ತು, ಒಂದು ಬಾವಿ ಇದ್ದ ಮನೆ. ಅವರು ಯಲಹಂಕದ ಶಾಲೆಗೆ ನಡೆದುಹೋಗಿ ಓದಿದರು. ಹೆಬ್ಬಾಳದ ಕೃಷಿ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿದರು. ಆ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಕುರ್ಚಿಯ ಮೇಲೆ ಕೂತು ಕೆಲಸ ಮಾಡಿದವರಲ್ಲ. ಇವರೂ ಕೂರಲಿಲ್ಲ. ಫಾರಂ ಅಸಿಸ್ಟೆಂಟ್ ಕೆಲಸ ಸಿಕ್ಕಿತು. ಬಿಸಿಲಲ್ಲೇ ನಿಂತರು.

"ಓದಿಸಿದ್ದು ಮಣ್ಣು ಬಿಟ್ಟು ಓಗ್ಲಿ ಅಂತ. ಇವ್ನು ಓದಿ ಓದಿ ಮತ್ತೆ ಮಣ್ಣಿಗೇ ಬಂದ," ಅನ್ನುತ್ತಿದ್ದ ಮುನಿಶಾಮಪ್ಪ.

ಐವತ್ತೈದರಲ್ಲಿ ಮದುವೆಯಾಯಿತು. ಮುನಿವೆಂಕಟಮ್ಮ ಮೂರನೆಯ ಕ್ಲಾಸಿನವರೆಗೆ ಓದಿದವಳು. ಗಂಡನ ಕೆಲಸ ಏನು ಅಂತ ಕೇಳಿದವರಿಗೆ, "ಬೆಳೆ ನೋಡ್ತಾರೆ," ಅನ್ನುತ್ತಿದ್ದಳು. ಬೆಳೆ ನೋಡುವುದಕ್ಕೂ ಸರ್ಕಾರ ಸಂಬಳ ಕೊಡುತ್ತದಾ ಅಂತ ತವರಿನಲ್ಲಿ ನಗುತ್ತಿದ್ದರು. ಎರಡು ಮೂರು ಊರು ಸುತ್ತಿಸಿ ಸರ್ಕಾರ ಅವರನ್ನು ಹೆಬ್ಬಾಳಕ್ಕೇ ತಂದು ಹಾಕಿತು. ಕೆರೆಯ ಕೆಳಗೆ, ಹಳೆ ಊರಿನಲ್ಲಿ ಮನೆ ಮಾಡಿದರು. ಮನೆಯ ಹಿಂದೆ ಸ್ವಲ್ಪ ಜಾಗ, ಎಂದೂ ಬತ್ತದ ಬಾವಿ. ಪಕ್ಕದ ಮನೆ ಟೈಲರ್ ತಾಜುದ್ದೀನನದು. ಅವನ ಹೆಂಡತಿ ಶಹರ್ಬಾನು ಬಂದ ದಿನವೇ ಗೋಡೆಯ ಮೇಲಿಂದ ಒಂದು ಬಟ್ಟಲು ಸಾರು ಕೊಟ್ಟು, "ನೀವು ಯಾರ ಪೈಕಿ ಅಂತ ಆಮೇಲೆ ಹೇಳಿ ಅಕ್ಕಾ, ಮೊದ್ಲು ಉಣ್ಣಿ," ಅಂದಿದ್ದಳು.

ಅವರೆಕಾಯಿ ಯಾವಾಗ ಬರುತ್ತದೆ ಅಂತ ಈ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಬಿತ್ತುತ್ತಾರೆ. ಚಳಿಗಾಲಕ್ಕೆ ಹಗಲು ಮೋಟಾಗುವವರೆಗೆ ಅದು ಹೂವು ಬಿಡುವುದಿಲ್ಲ. ರಾಗಿ ಕೊಯ್ದಮೇಲೆ ಕಾಯಿ ಕಚ್ಚುತ್ತದೆ. ಚಳಿ ಬಿದ್ದು, ಇಬ್ಬನಿ ಸುರಿದು, ಕಾಯಿಯ ಮೈಮೇಲೆ ಎಣ್ಣೆ ಜಿನುಗಿದಾಗ ಸೊಗಡು ಬರುತ್ತದೆ. ಬೀದಿಯ ಆ ತುದಿಯಲ್ಲಿ ಬುಟ್ಟಿ ಇಳಿಸಿದರೆ ಈ ತುದಿಯಲ್ಲಿ ಗೊತ್ತಾಗುವ ಪರಿಮಳ. ಸಂಕ್ರಾಂತಿ ಮುಗಿದು ಬಿಸಿಲು ಏರಿದರೆ ಮುಗಿಯಿತು. ಇನ್ನು ಮುಂದಿನ ವರ್ಷವೇ.

ವರ್ಷವೆಲ್ಲ ಕಾಯಿ ಬಿಡುವ ಅವರೆಯೂ ಒಂದಿದೆ. ಚಪ್ಪರದವರೆ. ಅದಕ್ಕೆ ಸೊಗಡಿಲ್ಲ. ಅದನ್ನು ತಿನ್ನುವವರು ಬೇರೆ ಏನೂ ಸಿಗದೆ ತಿನ್ನುತ್ತಾರೆ.

ಇವೆರಡನ್ನೂ ಕೂಡಿಸಬೇಕು ಅನ್ನುವುದು ಲಕ್ಕಣ್ಣನವರ ತಲೆಗೆ ಬಂತು. ಸೊಗಡವರೆಯ ಮೊಗ್ಗನ್ನು ಅರಳುವ ಮುಂಚೆ ಬಿಡಿಸಿ, ಸಣ್ಣ ಚಿಮುಟದಿಂದ ಅದರ ಗಂಡು ಎಳೆಗಳನ್ನು ಕಿತ್ತು ಹಾಕಿ, ಮಾರನೆಯ ಬೆಳಿಗ್ಗೆ ಚಪ್ಪರದವರೆಯ ಹೂವಿನ ಹುಡಿ ತಂದು ಸೋಕಿಸಿ, ಕಾಗದದ ಚೀಲ ಕಟ್ಟುವುದು. ಮುನಿವೆಂಕಟಮ್ಮ ಊಟದ ಡಬ್ಬಿ ತಗೊಂಡು ತಾಕಿಗೆ ಹೋದಾಗ ಮೊದಲ ಸಲ ನೋಡಿದಳು.

"ಏನ್ ಮಾಡ್ತಿದೀರಿ?"

"ಮದುವೆ."

"ಮದುವೆಗೆ ಮುಂಚೆ ಗಂಡನ್ನೇ ಕಿತ್ತು ಬಿಸಾಕ್ತಿದೀರಲ್ಲ."

"ಗಂಡು ಬೇರೆ ಊರಿಂದ ಬರ್ತಾನೆ ಕಣೆ. ಇವನು ಮನೆಯೋನು, ಇದ್ದರೆ ಅಡ್ಡ ಬರ್ತಾನೆ."

ಆ ಮದುವೆಯ ಮಕ್ಕಳು ಒಂದು ವರ್ಷ, ಮೊಮ್ಮಕ್ಕಳು ಮತ್ತೊಂದು ವರ್ಷ. ಮೊಮ್ಮಕ್ಕಳ ಕಾಲಕ್ಕೆ ಕೆಲವು ಅಜ್ಜಿಯನ್ನು ಹೋತವು, ಕೆಲವು ತಾತನನ್ನು. ಬೆರಳೆಣಿಕೆಯ ಕೆಲವು ಗಿಡ ಎರಡೂ ಕಡೆಯನ್ನು ಹೋತಂತೆ ಕಂಡವು. ಹಗಲು ಮೋಟಾಗುವುದನ್ನು ಕಾಯದೆ ಹೂಬಿಟ್ಟವು. ಚಳಿಗಾಲದಲ್ಲಿ ಆ ಗಿಡಗಳ ಕಾಯಿ ಮೂಸಿದರೆ ಸೊಗಡೂ ಇತ್ತು. ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯ ಶುರುವಾದಮೇಲೆ ಲಕ್ಕಣ್ಣನವರು ಅರ್ಜಿ ಹಾಕಿ, ಎರಡು ವರ್ಷ ರಜೆ ತಗೊಂಡು, ಇದನ್ನೇ ವಿಷಯ ಮಾಡಿಕೊಂಡು ಎಂ.ಎಸ್ಸಿ.ಗೆ ಸೇರಿದರು. ಮೂವತ್ತೈದು ದಾಟಿದವರು ಇಪ್ಪತ್ತೆರಡರ ಹುಡುಗರ ಪಕ್ಕದ ಬೆಂಚಿನಲ್ಲಿ ಕೂತರು.

ಜಕ್ಕೂರಿಗೆ ಹೋಗಿ ಅಪ್ಪನಿಗೆ ಹೇಳಿದರು. ಮುನಿಶಾಮಪ್ಪ ಎಲೆ ಅಡಿಕೆ ಉಗಿದು ಬಂದು ಕೂತ.

"ಬೇಸಿಗೇಲಿ ಕಾಯಿ ಬಿಡಿಸ್ತೀಯ, ಬಿಡಿಸ್ಕೋ. ಸೊಗಡು ಎಲ್ಲಿಂದ ತತ್ತೀಯ?"

"ಬೀಜದಲ್ಲೈತಪ್ಪ ಸೊಗಡು."

"ಬೀಜದಾಗೆ ಏನೈತೋ? ಸೊಗಡು ಇಬ್ಬನೀದು. ಇಬ್ಬನಿ ಬಿದ್ರೆ ಅವರೆ, ಇಲ್ದಿದ್ರೆ ಉಲ್ಲು. ನಮ್ಮಪ್ಪನೂ ಇಂಗೇ ಯೋಳ್ತಿದ್ದ, ಅವ್ರಪ್ಪನೂ ಇಂಗೇ ಯೋಳ್ತಿದ್ದ. ನೀನೊಬ್ಬ ಉಟ್ಕೊಂಡೆ ನೋಡು, ಬೀಜ ಅನ್ನೋಕೆ."

ಮುನಿವೆಂಕಟಮ್ಮನೂ ಒಳಗೊಳಗೆ ಮಾವನ ಕಡೆಯೇ. ಇಬ್ಬನಿ ಇಲ್ಲದೆ ಸೊಗಡು ಅನ್ನುವುದು ಅವಳು ಕೇಳದ ಮಾತು. ಗಂಡನಿಗೆ ಹಾಗಂತ ಹೇಳಿಯೂ ಬಿಟ್ಟಳು. ಅವರು ಕೋಪಿಸಿಕೊಳ್ಳಲಿಲ್ಲ.

"ಇಬ್ಬನಿ ಸೊಗಡನ್ನ ಹೆಚ್ಚು ಮಾಡುತ್ತೆ, ಒಪ್ಕೋತೀನಿ. ಹುಟ್ಟಿಸಲ್ಲ," ಅಂದರು. "ಹುಟ್ಟೋದು ಬೀಜದಲ್ಲೇ. ತೋರಿಸ್ತೀನಿ."

ತೋರಿಸದಿದ್ದರೆ ಡಿಗ್ರಿ ಇಲ್ಲ. ಅರವತ್ತೇಳರ ಜೂನ್ ಮುಗಿಯುವುದರೊಳಗೆ ಬರೆದು ಕೊಡಬೇಕು. ರಜೆ ಮುಗಿದರೆ ಅವರನ್ನು ಮತ್ತೆ ಯಾವುದೋ ಜಿಲ್ಲೆಯ ಫಾರಮ್ಮಿಗೆ ಹಾಕುತ್ತಾರೆ. ಅಲ್ಲಿ ಈ ಗಿಡಗಳೂ ಇಲ್ಲ, ನೋಡುವವರೂ ಇಲ್ಲ. ಐದು ವರ್ಷದ ಕೆಲಸ ಕಳೆಯ ಜೊತೆ ಹೋಗುತ್ತದೆ.

ಅವರ ಗೈಡು ಒಬ್ಬ ಪ್ರೊಫೆಸರು. ಒಳ್ಳೆಯವರು, ಕಟ್ಟುನಿಟ್ಟು. ಒಂದು ಕೊರತೆ ಏನೆಂದರೆ ನಸ್ಯ ಏರಿಸುತ್ತಿದ್ದರು. ಅವರ ಮೂಗಿಗೆ ಮಲ್ಲಿಗೆಯೂ ಒಂದೇ, ಸೀಮೆಎಣ್ಣೆಯೂ ಒಂದೇ.

"ನೋಡಿ ಲಕ್ಕಣ್ಣ," ಅಂದರಂತೆ ಅವರು, "ಎತ್ತರ ಅಂದ್ರೆ ಅಳೀಬಹುದು. ತೂಕ ಅಂದ್ರೆ ತೂಗಬಹುದು. ಸೊಗಡನ್ನ ಏನು ಮಾಡ್ತೀರಿ? ನಿಮ್ಮ ಮೂಗೊಂದನ್ನೇ ನಂಬಿ ನಾನು ಸಹಿ ಹಾಕೋಕಾಗಲ್ಲ. ತಾಯೀನ ಕೂರಿಸ್ಕೊಂಡು ನಿನ್ನ ಮಗು ಚೆನ್ನಾಗಿದ್ಯಾ ಅಂತ ಕೇಳಿದ ಹಾಗಾಗುತ್ತೆ. ಯಾವುದು ಯಾವ ಗಿಡದ್ದು ಅಂತ ಗೊತ್ತಿಲ್ಲದ ನಾಲ್ಕು ಮೂಗು ತನ್ನಿ. ಅವರು ನಂಬರು ಕೊಡಲಿ."

ಹಾಸ್ಟೆಲ್ಲಿನ ಹುಡುಗರನ್ನು ಕೇಳಿದರೆ ಅರ್ಧ ಜನಕ್ಕೆ ಸಿಗರೇಟು, ಉಳಿದವರಿಗೆ ನೆಗಡಿ. ಲಕ್ಕಣ್ಣನವರು ಮನೆಗೆ ಬಂದು ಹೆಂಡತಿಗೆ, "ಬೀದೀಲಿ ಅವರೆ ಆರಿಸೋ ಹೆಂಗಸರನ್ನ ಕರಿ," ಅಂದರು.

ಜನವರಿ ತಿಂಗಳು. ಶಹರ್ಬಾನು ಬಂದಳು, ಹಾಲಿನ ಕೃಷ್ಣಮ್ಮ ಬಂದಳು, ಇನ್ನೂ ಮೂವರು ಬಂದರು. ಎಲ್ಲರೂ ಒಗೆದ ಸೀರೆ ಉಟ್ಟು, ತಲೆ ಬಾಚಿಕೊಂಡು ಬಂದಿದ್ದರು. ಮುನಿವೆಂಕಟಮ್ಮ ಚಾಪೆ ಹಾಸಿ ಕಾಫಿ ಕೊಟ್ಟಳು. ಲಕ್ಕಣ್ಣನವರು ಮೊರಗಳಲ್ಲಿ ಕಾಯಿ ಇಟ್ಟು, ಒಂದೊಂದಕ್ಕೂ ಚೀಟಿ ಹಾಕಿ, ಮೂಸಿ ನೋಡಿ ಹತ್ತಕ್ಕೆ ಎಷ್ಟು ಕೊಡುತ್ತೀರಿ ಅಂತ ಕೇಳಿದರು.

"ಅತ್ತು ಬರ್ಕೊಳಣ್ಣ," ಅಂದಳು ಕೃಷ್ಣಮ್ಮ.

"ಇದಕ್ಕೆ?"

"ಇದ್ಕೂ ಅತ್ತು."

ಬೇಕೆಂದೇ ಒಂದು ಮೊರದಲ್ಲಿ ಅವರು ಬರೀ ಚಪ್ಪರದವರೆ ಇಟ್ಟಿದ್ದರು. ಶಹರ್ಬಾನು ಅದನ್ನು ಮೂಗಿನ ಹತ್ತಿರ ಹಿಡಿದು ಮೆಲ್ಲಗೆ ಕೆಳಗಿಟ್ಟಳು. ಆಮೇಲೆ, "ತುಂಬಾ ಚೆನ್ನಾಗಿದೆ ಅಣ್ಣಾ," ಅಂದಳು.

ಎಲ್ಲ ಮೊರಕ್ಕೂ ಹತ್ತಕ್ಕೆ ಹತ್ತು. ಲಕ್ಕಣ್ಣನವರು ಬರೆದುಕೊಂಡು ಹೋಗಿ ಗೈಡಿಗೆ ತೋರಿಸಿದರು. ಅವರು ಓದಿ, ಕನ್ನಡಕ ತೆಗೆದಿಟ್ಟು, "ಈ ಹೆಂಗಸರು ಎಸ್ಸೆಸ್ಸೆಲ್ಸಿ ಪೇಪರು ತಿದ್ದೋಕೆ ಬಂದಿದ್ರೆ ನಾಡೆಲ್ಲ ಪಾಸಾಗ್ತಿತ್ತು," ಅಂದರಂತೆ.

ಅವತ್ತು ಲಕ್ಕಣ್ಣನವರು ಉಣ್ಣದೆ ಎದ್ದರು. ಅವರೆ ಕಾಲ ಇನ್ನೇನು ಮುಗಿಯುವುದರಲ್ಲಿತ್ತು. ಮುನಿವೆಂಕಟಮ್ಮನಿಗೆ ಸಿಟ್ಟು ಬಂದು ಗೋಡೆಯ ಹತ್ತಿರ ಹೋಗಿ ಶಹರ್ಬಾನುವನ್ನು ಕೂಗಿದಳು.

"ಆ ಕಾಯಿಗೆ ಸೊಗಡಿತ್ತಾ? ದೇವರಾಣೆಗೂ ಹೇಳು."

"ಎಲ್ಲಿ ಬಂತು ಅಕ್ಕಾ. ಒಣಗಿದ ಹುಲ್ಲು ಮೂಸಿದ ಹಾಗಿತ್ತು."

"ಮತ್ತೆ ಹತ್ತು ಕೊಟ್ಟೆಯಲ್ಲ?"

"ಮನೆಗೆ ಕರ್ದು, ಚಾಪೆ ಹಾಕಿ, ಕಾಫಿ ಕೊಟ್ಟು, ಅಣ್ಣ ಕೈಯಾರ ಮುಂದೆ ಇಟ್ಟಿದ್ದನ್ನ ಚೆನ್ನಾಗಿಲ್ಲ ಅನ್ನೋಕೆ ನಾನೇನು ಮನುಷ್ಯಳಲ್ವಾ?"

ಮುನಿವೆಂಕಟಮ್ಮನೇ ಆ ಜಾಗದಲ್ಲಿದ್ದರೂ ಹತ್ತೇ ಕೊಡುತ್ತಿದ್ದಳು. ಗಂಡನಿಗೆ ಬಂದು ಹೇಳಿದಳು.

ಮಾರನೆಯ ಸಂಜೆ ಯಲಹಂಕದ ಕಡೆಯವಳೊಬ್ಬಳು ಬೀದಿಯಲ್ಲಿ ಅವರೆಕಾಯಿ ಬುಟ್ಟಿ ಇಳಿಸಿದಳು. ಅದೇ ಶಹರ್ಬಾನು, ಅದೇ ಕೃಷ್ಣಮ್ಮ. ಬುಟ್ಟಿಯ ಸುತ್ತ ಕುಕ್ಕರಗಾಲಲ್ಲಿ ಕೂತು ಒಂದೊಂದು ಕಾಯಿಯನ್ನೂ ತಿಕ್ಕಿ ಮೂಸಿ ಪಕ್ಕಕ್ಕೆ ಎಸೆಯುತ್ತಿದ್ದರು.

"ಏನಮ್ಮ ಇದು, ಕೆರೇಲಿ ತೊಳ್ಕೊಂಡು ಬಂದ್ಯಾ? ವಾಸ್ನೇನೇ ಇಲ್ಲ."

"ಬೆಳಿಗ್ಗೆ ಕಿತ್ತಿದ್ದು ತಾಯಿ."

"ಯಾವ್ ಬೆಳಿಗ್ಗೆ? ಓದ್ ತಿಂಗ್ಳದ್ದಾ? ಇದ್ನ ನಮ್ಮೆಮ್ಮೆ ಮುಂದೆ ಇಟ್ರೆ ಅದೂ ಮೂಗ್ ಮುರೀತೈತೆ."

ಲಕ್ಕಣ್ಣನವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕೈಯಲ್ಲಿದ್ದ ಕಾಫಿ ತಣ್ಣಗಾಯಿತು. ಒಳಗೆ ಬಂದು ಹೆಂಡತಿಗೆ ಹೇಳಿದರು: "ನಾಳೆ ಯಾರನ್ನೂ ಕರೀಬೇಡ. ಚಾಪೆ ಬೇಡ. ಕಾಫಿ ಬೇಡ. ನಾನೂ ಬೇಡ."

ಬೆಳಿಗ್ಗೆ ಜಗಲಿಯ ಮೇಲೆ ಕಾಯಿ ರಾಶಿ ಹಾಕಿದರು. ಒಂದೊಂದು ರಾಶಿಯ ಕೆಳಗೆ ಒಂದೊಂದು ಬಣ್ಣದ ದಾರ. ಯಾವ ಬಣ್ಣ ಯಾವ ಗಿಡ ಅಂತ ಹೆಂಡತಿಗೂ ಹೇಳಲಿಲ್ಲ. ಹೇಳಿದರೆ ಅವಳ ಕಣ್ಣು ಆ ಕಡೆ ಹೋಗುತ್ತದೆ ಅಂದರು. ಅವರು ಕದದ ಹಿಂದೆ ಪೆನ್ಸಿಲ್ ಹಿಡಿದು ನಿಂತರು. ಮುನಿವೆಂಕಟಮ್ಮ ಜಗಲಿಯ ಮೇಲೆ ಕೂತು, ಹೋಗುವವರು ಬರುವವರಿಗೆ, "ಕಾಲೇಜಿಂದು, ಮಿಕ್ಕಿದ್ದು. ಸಾರಿಗೆ ಬೇಕಾದ್ರೆ ಒಂದೊಂದು ಬೊಗಸೆ ತಗೊಂಡು ಹೋಗ್ರಮ್ಮ," ಅಂದಳು. ಮುಖ ಮಾತ್ರ ಬಿಗಿಯಾಗಿ ಇಟ್ಟುಕೊಂಡಿದ್ದಳು.

ಪುಕ್ಕಟೆ ಅಂದಮೇಲೆ ಯಾರೂ ಮರ್ಯಾದೆ ನೋಡಲಿಲ್ಲ. ಕೃಷ್ಣಮ್ಮ ಎಲ್ಲ ರಾಶಿಗೂ ಮೂಗು ಹಾಕಿದಳು. ಶಹರ್ಬಾನು ಸೆರಗು ಒಡ್ಡಿದವಳು ಒಂದು ರಾಶಿಯ ಮುಂದೆ ನಿಂತೇಬಿಟ್ಟಳು.

"ಇದು ನಂದು. ಯಾರೂ ಕೈ ಹಾಕ್ಬೇಡಿ."

"ನಿಂದೆಂಗಾಯ್ತು? ಒಬ್ಬೊಬ್ರಿಗೆ ಒಂದ್ ಬೊಗಸೆ ಅಂದ್ಳಲ್ಲ."

"ನನ್ ಬೊಗಸೆ ದೊಡ್ದು."

"ಯಾರು ಬೆಳೆದಿದ್ದವ್ವ ಇದು?" ಅಂತ ಕೃಷ್ಣಮ್ಮ ಮುನಿವೆಂಕಟಮ್ಮನ ಕಡೆ ತಿರುಗಿದಳು. "ಎಸ್ರು ಯೋಳು, ಕೇಳೋಣ."

ಗಂಡನ ಹೆಸರು ಅವಳು ಬಾಯಲ್ಲಿ ಹೇಳುವವಳಲ್ಲ ಅಂತ ಗೊತ್ತಿದ್ದೇ ಕೇಳಿದ್ದು.

"ನಮ್ಮೋರು."

"ನಿಮ್ಮೋರು ಅಂದ್ರೆ ಯಾರು? ಎಸ್ರಿಲ್ವಾ? ಮದ್ವೇಲಿ ಯೋಳಿರ್ಬೇಕಲ್ಲ ಒಂದ್ಸಲ."

"ಕಾಯಿ ಬೇಕಾದ್ರೆ ತಗೋ, ಇಲ್ಲಾಂದ್ರೆ ನಡಿ."

ಕದದ ಹಿಂದೆ ಲಕ್ಕಣ್ಣನವರು ಬಾಯಿಗೆ ಟವಲು ಅಡ್ಡ ಹಿಡಿದು ನಗುತ್ತಿದ್ದರು.

ಸಂಕ್ರಾಂತಿ ಆಸುಪಾಸಿನಲ್ಲಿ ಅವರು ಇದನ್ನು ಮತ್ತೆ ಮತ್ತೆ ಮಾಡಿದರು. ರಾಶಿಯ ಜಾಗ ಬದಲಾಯಿಸಿದರು, ದಾರದ ಬಣ್ಣ ಬದಲಾಯಿಸಿದರು. ಎಲ್ಲಿಟ್ಟರೂ ಅವರು ಸೊಗಡಿದೆ ಅಂತ ಮೊದಲೇ ಗುರುತಿಟ್ಟಿದ್ದ ಎರಡು ಮೂರು ಗಿಡದ ಕಾಯಿಯೇ ಮೊದಲು ಖಾಲಿ. ಚಪ್ಪರದವರೆ ಪ್ರತಿ ದಿನವೂ ಹಾಗೇ ಬಿದ್ದಿರುತ್ತಿತ್ತು. ಗೈಡು ಈ ಸಲ ನಗಲಿಲ್ಲ. ಆದರೂ ಸಹಿ ಹಾಕಲಿಲ್ಲ.

"ಸೊಗಡಿದೆ, ಒಪ್ಪಿದೆ. ಆದ್ರೆ ಇದು ಜನವರಿ. ಇಬ್ಬನಿ ಎಲ್ಲ ಗಿಡದ ಮೇಲೂ ಬಿದ್ದಿದೆ. ನಿಮ್ಮ ಗಿಡಗಳು ಆ ಇಬ್ಬನೀನ ಬೇರೆ ಗಿಡಕ್ಕಿಂತ ಚೆನ್ನಾಗಿ ಹೀರ್ಕೊಂಡ್ವು ಅಂತ ಯಾರಾದ್ರೂ ಹೇಳಿದ್ರೆ ನೀವೇನು ಹೇಳ್ತೀರಿ? ನಿಮ್ಮ ತಂದೆಯವರೇ ಹೇಳ್ತಾರಲ್ಲ."

"ಇಬ್ಬನಿ ಇಲ್ಲದಾಗ ಬೆಳೆದು ತೋರಿಸ್ತೀನಿ ಸಾರ್."

"ತೋರಿಸಿ. ಆಮೇಲೆ ಸಹಿ."

ಯುಗಾದಿಯ ಮಾರನೆಯ ದಿನ ಬಿತ್ತಿದರು. ಕಾಲೇಜಿನ ತಾಕಿಗೆ ಆಗ ನೀರು ಸಾಲುತ್ತಿರಲಿಲ್ಲ. ಹಾಗಾಗಿ ಗೈಡಿನ ಒಪ್ಪಿಗೆ ತಗೊಂಡು ಮನೆಯ ಹಿತ್ತಲಲ್ಲೂ ನಾಲ್ಕು ಸಾಲು ಹಾಕಿದರು. ಕೆರೆಯ ಕೆಳಗಿನ ಬಾವಿ, ನೀರಿತ್ತು. ಮುನಿವೆಂಕಟಮ್ಮ ಕೊಡದಲ್ಲಿ ಸೇದಿ ಸೇದಿ ಹುಯ್ದಳು. ಬೇಸಿಗೆಯಲ್ಲಿ ಅವರೆ ಬಿತ್ತಿದವರನ್ನು ನೋಡಲು ಜನ ಬರುತ್ತಿದ್ದರು, ನೋಡಿ ಏನೂ ಅನ್ನದೆ ಹೋಗುತ್ತಿದ್ದರು. ಏನೂ ಅನ್ನದಿರುವುದೇ ಅವಳಿಗೆ ಹೆಚ್ಚು ಚುಚ್ಚುತ್ತಿತ್ತು.

ಗಿಡ ಹೂ ಬಿಟ್ಟಿತು. ಉದ್ದ ಹಗಲಿನಲ್ಲೇ ಬಿಟ್ಟಿತು. ಕಾಯಿ ಕಚ್ಚಿತು. ಒಂದು ಮಧ್ಯಾಹ್ನ ಲಕ್ಕಣ್ಣನವರು ಒಂದು ಕಾಯಿ ಕಿತ್ತು ಅವಳ ಕೈಗೆ ಕೊಟ್ಟರು. ತಾವು ಮೂಸಲಿಲ್ಲ.

"ನೀನು ಹೇಳು. ನೀನು ನನ್ನ ಮುಖ ನೋಡಿ ಹೇಳೋಳಲ್ಲ."

ಅವಳು ತಿಕ್ಕಿ ಮೂಸಿದಳು. ಮತ್ತೊಂದು ಸಲ ಮೂಸಿದಳು.

"ಇಲ್ಲ," ಅಂದಳು.

ಅವರು ತಲೆಯಾಡಿಸಿ ಸೈಕಲ್ ಹತ್ತಿ ಹೋದರು. ಇನ್ನೊಬ್ಬಳಾಗಿದ್ದರೆ ಸ್ವಲ್ಪ ಇದೆ ಅನ್ನುತ್ತಿದ್ದಳೇನೋ. ಹಾಗಂದಿದ್ದರೆ ಅವರು ಅವಳನ್ನು ಮತ್ತೆ ಕೇಳುತ್ತಲೂ ಇರಲಿಲ್ಲ.

ಆದರೂ ನೀರು ಹಾಕುವುದನ್ನು ಬಿಡಲಿಲ್ಲ. ಕಾಳು ತುಂಬುತ್ತ ಬಂತು. ಒಂದು ದಿನ ಬೆಳಿಗ್ಗೆ ಬಾವಿಯಿಂದ ಕೊಡ ಎತ್ತಿಕೊಂಡು ಬರುವಾಗ ಸಾಲಿನ ನಡುವೆ ಅವಳ ಸೀರೆ ಗಿಡಕ್ಕೆ ಸವರಿತು. ಮೂಗಿಗೆ ಏನೋ ಬಡಿಯಿತು. ಕೊಡ ಇಳಿಸಿದಳು. ಬಗ್ಗಿ ಕಾಯಿ ಹಿಡಿದಳು. ಬೆರಳಿಗೆ ಜಿಡ್ಡು ಅಂಟಿತು.

"ಏನಂದ್ರೆ," ಅಂತ ಕೂಗಿದಳು. "ಬನ್ನಿ ಇಲ್ಲಿ. ಐತೆ."

ಅವರು ಬಾಯಲ್ಲಿ ಹಲ್ಲುಪುಡಿ ಇಟ್ಟುಕೊಂಡೇ ಓಡಿ ಬಂದರು.

"ಎಷ್ಟೈತೆ?"

"ಪುಷ್ಯಮಾಸದಷ್ಟಿಲ್ಲ. ಆದ್ರೆ ಐತೆ."

ಆ ಮಾತು ಅವರಿಗೆ ಎಷ್ಟು ಹಿಡಿಸಿತೆಂದರೆ, ಬರೆಯುವಾಗ ಅದನ್ನೇ ಇಂಗ್ಲಿಷಿನಲ್ಲಿ ಹಾಕಿದರು ಅಂತ ಆಮೇಲೆ ಹೇಳಿದರು.

ಗೈಡು ಎರಡು ದಿನ ಬಿಟ್ಟು ಸ್ಕೂಟರಿನಲ್ಲಿ ಬಂದರು. ಹೊತ್ತು ಮೂಡುವ ಮುಂಚೆಯೇ ಬಂದರು. ಬಂದವರು ಕಾಫಿಯೂ ಬೇಡ ಅಂದು ನೇರ ಹಿತ್ತಲಿಗೆ ಹೋಗಿ, ಜೇಬಿನಿಂದ ಮಡಿಸಿದ ಬಿಳಿ ಕರ್ಚೀಫು ತೆಗೆದು ಎಲೆಗಳನ್ನು ಒರೆಸಿದರು. ಈ ಸಾಲಿನಲ್ಲಿ, ಆ ಸಾಲಿನಲ್ಲಿ, ಬುಡದಲ್ಲಿ, ತುದಿಯಲ್ಲಿ. ಕರ್ಚೀಫು ಒಣಗಿಯೇ ಇತ್ತು. ಧೂಳು ಹತ್ತಿತ್ತು, ತೇವ ಇರಲಿಲ್ಲ.

"ಇಬ್ಬನಿ ಇಲ್ಲ. ಅದಕ್ಕೆ ನಾನೇ ಸಾಕ್ಷಿ," ಅಂದರು. ಒಂದು ಕಾಯಿ ಮೂಸಿದರು. ಇನ್ನೊಂದು ಮೂಸಿದರು. "ನಿನ್ನೆಯಿಂದ ನಸ್ಯ ಬಿಟ್ಟಿದ್ದೀನಿ ಲಕ್ಕಣ್ಣ, ಇದಕ್ಕೋಸ್ಕರ. ಆದ್ರೂ ನನಗೇನೂ ಗೊತ್ತಾಗ್ತಿಲ್ಲ."

ಅಷ್ಟರಲ್ಲಿ ಗೋಡೆಯ ಆ ಕಡೆಯಿಂದ ದನಿ ಬಂತು.

"ಮುನಿವೆಂಕಟಕ್ಕಾ, ಏನಿದು ಮೋಸ? ಇಷ್ಟು ದಿನ ಅವರೆ ಎಲ್ಲಿ ಬಚ್ಚಿಟ್ಟಿದ್ರಿ? ನಮ್ಮ ಮನೆಯೋರು ಎದ್ದವ್ರೇ ಯಾರ ಮನೇಲಿ ಹಿದುಕಿದ ಬೇಳೆ ಅಂತ ಕೇಳ್ತಿದಾರೆ."

ಶಹರ್ಬಾನು ಗೋಡೆಯ ಮೇಲೆ ಮುಖ ಇಟ್ಟಳು. ಹೊಸ ಮನುಷ್ಯರನ್ನು ಕಂಡು ತಲೆ ಮೇಲೆ ಸೆರಗು ಹೊದ್ದಳು. ಹೋಗಲಿಲ್ಲ.

ಗೈಡು ಲಕ್ಕಣ್ಣನವರನ್ನು ಪಕ್ಕಕ್ಕೆ ಸರಿಸಿ, ತಾವೇ ಬೇರೆ ಬೇರೆ ಗಿಡದಿಂದ ಕಾಯಿ ಕಿತ್ತರು. ಸಾಲಿನ ಕೊನೆಯಲ್ಲಿ ಹಾಕಿದ್ದ ಚಪ್ಪರದವರೆಯ ಕಾಯಿಯನ್ನೂ ಕಿತ್ತರು. ಒಂದೊಂದರ ತೊಟ್ಟಿಗೂ ಪೆನ್ನಿನಿಂದ ಸಣ್ಣ ಗುರುತು ಹಾಕಿದರು. ಎಲ್ಲ ಕಲಸಿ ಮೊರಕ್ಕೆ ಹಾಕಿ ಗೋಡೆಯ ಮೇಲೆ ಇಟ್ಟರು.

"ತಾಯಿ, ಇದರಲ್ಲಿ ಒಳ್ಳೇದು ಆರಿಸಿಕೊಂಡು ಹೋಗಿ."

ಶಹರ್ಬಾನು ಅವರನ್ನು ಕೆಳಗಿಂದ ಮೇಲಿನವರೆಗೆ ನೋಡಿದಳು.

"ನೀವ್ಯಾರು, ಬೀಜದ ವ್ಯಾಪಾರದವ್ರಾ?"

"ಹಾಗೇ ಅಂದ್ಕೊಳ್ಳಿ."

"ಹಂಗಾದ್ರೆ ಹೇಳ್ತೀನಿ ಕೇಳಿ. ಇದು ಹುಲ್ಲು. ಇದು ಅವರೆ. ಇದೂ ಅವರೆ. ಇದು ಹುಲ್ಲು. ಎರಡನ್ನೂ ಕಲಸಿ ತಂದು ಹೆಂಗಸರ ಕಣ್ಣಿಗೆ ಮಣ್ಣು ಹಾಕ್ಬೇಡಿ ಸ್ವಾಮಿ, ಒಳ್ಳೇದಾಗಲ್ಲ."

ಹುಲ್ಲು ಅಂತ ಎಸೆದದ್ದನ್ನು ಗೈಡು ಬಗ್ಗಿ ಬಗ್ಗಿ ಆರಿಸಿಕೊಂಡು ತೊಟ್ಟಿನ ಗುರುತು ನೋಡಿದರು. ಲಕ್ಕಣ್ಣನವರು ಸೊಗಡಿದೆ ಅಂತ ಮೊದಲೇ ಬರೆದುಕೊಟ್ಟಿದ್ದ ಗಿಡದ ಒಂದು ಕಾಯಿಯೂ ಅದರಲ್ಲಿ ಇರಲಿಲ್ಲ. ಅವರು ಕಾಯಿಗಳನ್ನು ಕರ್ಚೀಫಿನಲ್ಲಿ ಕಟ್ಟಿ ಜೇಬಿಗೆ ಇಟ್ಟುಕೊಂಡರು.

"ಬರೆಯೋಕೆ ಶುರುಮಾಡಿ ಲಕ್ಕಣ್ಣ," ಅಂದರು. "ಕಾಫಿ ಈಗ ಕೊಡಿ ತಾಯಿ."

ಮುನಿವೆಂಕಟಮ್ಮ ಒಲೆಯ ಮುಂದೆ ಹೋಗಿ ಕಣ್ಣೊರೆಸಿಕೊಂಡಳು. ಹೊಗೆ ಅಂತ ಹೇಳುವ ಹಾಗೂ ಇರಲಿಲ್ಲ, ಒಲೆ ಇನ್ನೂ ಹೊತ್ತಿಸಿರಲಿಲ್ಲ.

ಅವತ್ತು ಸಂಜೆಯೇ ಲಕ್ಕಣ್ಣನವರು ಟವಲಿನಲ್ಲಿ ಕಾಯಿ ಕಟ್ಟಿಕೊಂಡು ಜಕ್ಕೂರಿಗೆ ಹೋದರು. ಮುನಿಶಾಮಪ್ಪ ಒಂದು ಕಾಯಿ ತಿಕ್ಕಿ ಮೂಸಿದ. ಇನ್ನೊಂದು ತಿಕ್ಕಿದ.

"ಇಬ್ಬನಿ ಬಿದ್ದಿರ್ಬೇಕು," ಅಂದ ಆಮೇಲೆ. "ನೀನು ನೋಡಿಲ್ಲ."

ಅಷ್ಟು ಹೇಳಿ, ಆ ಕಾಯಿಗಳನ್ನು ಯಾರಿಗೂ ಕೊಡದೆ ತಾನೇ ಸುಲಿಯುತ್ತ ಕೂತನಂತೆ. ಮಾರನೆಯ ದಿನ ಊರಿನ ಅರಳಿಕಟ್ಟೆಯಲ್ಲಿ, ನನ್ನ ಮಗ ಬೇಸಿಗೆಯಲ್ಲಿ ಸೊಗಡು ತೆಗೆದ ಅಂತ ಹೇಳಿದ್ದೂ ಅವನೇ.

ಹೊರಗಿನಿಂದ ಬಂದ ಪರೀಕ್ಷಕರು ಕೋಟು ಹಾಕಿದವರು. ನಿಮ್ಮ ಸಾಕ್ಷಿದಾರರ ಓದು ಏನು ಅಂತ ಕೇಳಿದರಂತೆ. ಲಕ್ಕಣ್ಣನವರು ಅವರ ಓದನ್ನು ಹೇಳಲಿಲ್ಲ. "ಸಾರ್, ಮೊದಲನೇ ಸಲ ಅವರು ನನಗೆ ಸುಳ್ಳು ಹೇಳಿದರು. ಯಾಕೆ ಹೇಳಿದರು ಅಂತ ತಿಳಿದುಕೊಂಡ ಮೇಲೆ ನಿಜ ಸಿಕ್ಕಿತು. ಎರಡನ್ನೂ ಬರೆದಿದ್ದೀನಿ," ಅಂದರಂತೆ. ಪರೀಕ್ಷಕರು ಹಾಳೆ ತಿರುವಿ ಆ ಎರಡನ್ನೂ ಓದಿದರು. ಬೇರೆ ಪ್ರಶ್ನೆ ಕೇಳಲಿಲ್ಲ.

ಪುಸ್ತಕಕ್ಕೆ ಕೆಂಪು ರಟ್ಟು ಹಾಕಿಸಿದರು. ಮೇಲೆ ಚಿನ್ನದ ಬಣ್ಣದ ಅಕ್ಷರ. ಒಂದು ಸಂಜೆ ಜಗಲಿಯ ಮೇಲೆ ಕೂತು, ಮೊದಲ ಹಾಳೆಯಲ್ಲಿ ಉಪಕಾರ ಸ್ಮರಿಸಿದ್ದನ್ನು ಕನ್ನಡದಲ್ಲಿ ಹೇಳಿದರು. ಗೈಡಿನ ಹೆಸರು, ಅಪ್ಪನ ಹೆಸರು, ಶಹರ್ಬಾನು, ಕೃಷ್ಣಮ್ಮ, ಬಾಕಿ ಮೂವರು. ಕೃಷ್ಣಮ್ಮ ಹಾಲಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಹತ್ತಿರ ಬಂದಳು.

"ನನ್ನೆಸ್ರು ಇಂಗ್ಲೀಷ್ನಾಗೆ ಎಂಗೆ ಕಾಣ್ತೈತೆ? ತೋರ್ಸಣ್ಣ."

ತೋರಿಸಿದರು. ಅವಳು ಬೆರಳಿಟ್ಟು ನೋಡಿದಳು.

"ಉದ್ದ ಐತೆ," ಅಂದಳು. ಅವಳಿಗೆ ಅದು ಸಾಕಾಯಿತು.

"ನಿಮ್ಮೆಂಡ್ತೀದು ಎಲ್ಲಣ್ಣ?"

ಲಕ್ಕಣ್ಣನವರು ಹಾಳೆ ತಿರುವಿದರು. ಹೆಂಡತಿಯ ಹೆಸರು ಉಪಕಾರದ ಹಾಳೆಯಲ್ಲಿ ಇರಲಿಲ್ಲ. ಒಳಗೆ, ಕೆಲಸ ಹೇಗೆ ಮಾಡಿದ್ದು ಅಂತ ಬರೆದ ಕಡೆ ಇತ್ತು. ಜೂನ್ ತಿಂಗಳಲ್ಲಿ ಸೊಗಡು ಮೊದಲು ಇಲ್ಲ ಅಂದವಳು, ಆಮೇಲೆ ಇದೆ ಅಂದವಳು ಅಂತ. ಮುನಿವೆಂಕಟಮ್ಮ ಇಂಗ್ಲಿಷ್ ಓದಲಾರಳು. ಯಾವ ಸಾಲು ಅಂತ ನೋಡಿಕೊಂಡಳು.

ಡಿಗ್ರಿ ಬಂತು. ಕೆಲಸವೂ ಹೆಬ್ಬಾಳದಲ್ಲೇ ಉಳಿಯಿತು. ಆದರೆ ಬೀಜ ಇನ್ನೂ ನಿಂತಿರಲಿಲ್ಲ. ಬಿತ್ತಿದ ಪ್ರತಿ ಸಲವೂ ಕೆಲವು ಗಿಡ ಚಪ್ಪರದವರೆಯ ಕಡೆಗೆ ವಾಲುತ್ತಿದ್ದವು. ಅಂಥದ್ದನ್ನು ಕಾಯಿ ಬಲಿಯುವ ಮುಂಚೆ ಕಿತ್ತು ಹಾಕಬೇಕು. ಹೀಗೇ ಇನ್ನೂ ಕೆಲವು ತಲೆಮಾರು ಮಾಡಿದರೆ, ಯಾರು ಯಾವ ತಿಂಗಳಲ್ಲಿ ಬಿತ್ತಿದರೂ ಸೊಗಡು ಕೊಡುವ ಬೀಜ ಆಗುತ್ತದೆ ಅನ್ನುತ್ತಿದ್ದರು. ರೈತರ ಕೈಗೆ ಕೊಡುವುದು ಆಮೇಲೆ. ಆ ಕೆಲಸ ಮಾಡುತ್ತಲೇ ಹೋದರು.

ಕಾಲೇಜಿನ ತಾಕನ್ನು ಈಗ ಬೇರೆಯವರು ನೋಡಿಕೊಳ್ಳುತ್ತಾರೆ. ಗೈಡು ಮನೆಗೆ ಬಂದು, ಹಿತ್ತಲಿನ ಸಾಲುಗಳನ್ನು ಏನು ಮಾಡುತ್ತೀರಿ ತಾಯಿ ಅಂತ ಕೇಳಿದರು. ಇರಲಿ ಅಂದಳು ಮುನಿವೆಂಕಟಮ್ಮ. ಕಾಯಿ ಬಲಿತಾಗ ಬೀಜ ಕಾಲೇಜಿಗೆ ಕೊಡುತ್ತೀನಿ, ಹೆಸರು ಮಾತ್ರ ಅವರದೇ ಬರೆದುಕೊಳ್ಳಿ ಅಂದಳು. ಬರೆದುಕೊಂಡರು.

ಈಗ ಬೆಳಿಗ್ಗೆ ಎದ್ದು ಮುಖ ತೊಳೆದವಳೇ ಹಿತ್ತಲಿಗೆ ಹೋಗುತ್ತಾಳೆ. ಬಿಸಿಲು ಬೀಳುವ ಮುಂಚೆ ಮುಗಿಸಬೇಕು. ಒಂದೊಂದು ಗಿಡದ ಮುಂದೆಯೂ ಬಗ್ಗಿ, ಒಂದು ಕಾಯಿ ಬೆರಳಲ್ಲಿ ತಿಕ್ಕಿ ಮೂಸುತ್ತಾಳೆ. ಒಂದರ ವಾಸನೆ ಇನ್ನೊಂದಕ್ಕೆ ಹತ್ತಬಾರದು ಅಂತ ನಡುನಡುವೆ ಬೂದಿಯಲ್ಲಿ ಕೈ ಉಜ್ಜಿಕೊಳ್ಳುತ್ತಾಳೆ. ಸೊಗಡಿದ್ದರೆ ಮುಂದಕ್ಕೆ ಹೋಗುತ್ತಾಳೆ. ಇಲ್ಲದ್ದನ್ನು ಬುಡ ಹಿಡಿದು ಕಿತ್ತು ಹಸುವಿನ ಮುಂದೆ ಹಾಕುತ್ತಾಳೆ. ಅನುಮಾನದ ಗಿಡ ಬಂದರೆ ಮೊದಲು ಗಂಡನನ್ನು ಕೂಗಿ ಕೇಳುತ್ತಿದ್ದಳು. ಈಗ ಎರಡು ಸಲ ಮೂಸುತ್ತಾಳೆ. ಆಮೇಲೆ ತಾನೇ ಕೀಳುತ್ತಾಳೆ.